ಕಂಡಕ್ಟರು ರಿಪೇರಿ ಕಲಿತ ಬಗೆ

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದ ಮನುಷ್ಯನಿಗೆ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು, ಮನೆ ಅಲುಗಾಡದೆ ಇದ್ದದ್ದು. ನೆಲ ಅಷ್ಟು ಹೊತ್ತು ಸುಮ್ಮನಿರುವುದು ಅವರಿಗೆ ರೂಢಿಯಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕಾಲು ಅಗಲಿಸಿ ನಿಂತು, ಒಂದು ಕೈಯಲ್ಲಿ ಚೌಕಟ್ಟು ಹಿಡಿದುಕೊಂಡೇ ಕಾಫಿ ಕುಡಿಯುತ್ತಿದ್ದರು. ಹೆಂಡತಿ ಎದುರಿಗೆ ಸಿಕ್ಕರೆ “ಒಳಗೆ ಹೋಗಿ, ಒಳಗೆ ಜಾಗ ಇದೆ” ಎಂದು ಬಾಯಿತಪ್ಪಿ ಅಂದುಬಿಡುತ್ತಿದ್ದರು. ಬೀದಿಯವರಿಗೆ ಅವರು ಇನ್ನೂ ಕಂಡಕ್ಟರೇ. ಮನೆಯವರಿಗೂ ಹಾಗೇ ಆಗಿತ್ತು ಅನ್ನಿ.

ಬಾಯಿ ಸುಮ್ಮನಿದ್ದರೂ ಕೈ ಸುಮ್ಮನಿರಬೇಕಲ್ಲ. ಮೊದಲ ವಾರ ಗೋಡೆಯ ಗಡಿಯಾರ ಬಿಚ್ಚಿದರು. ಎರಡನೆಯ ವಾರ ಮಿಕ್ಸಿ. ಆಮೇಲೆ ಇಸ್ತ್ರಿಪೆಟ್ಟಿಗೆ, ಹಳೆಯ ರೇಡಿಯೋ, ಬಾಗಿಲ ಗಂಟೆ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿ ಸಲವೂ ಒಂದೋ ಎರಡೋ ಸ್ಕ್ರೂ ಮಿಕ್ಕುತ್ತಿದ್ದವು.

“ಕಂಪನಿಯವರು ಒಂದೆರಡು ಜಾಸ್ತೀನೇ ಹಾಕಿರ್ತಾರೆ ಕಣೇ,” ಎನ್ನುತ್ತಿದ್ದರು ಕಂಡಕ್ಟರು. “ಮುನ್ನೆಚ್ಚರಿಕೆಗೆ.”

ಅವರ ಹೆಂಡತಿಗೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಒಂದು ಹನಿ ಸಿಕ್ಕರೂ ಅದಕ್ಕೊಂದು ಸೀಸೆ, ಸೀಸೆಗೊಂದು ಚೀಟಿ, ಚೀಟಿಯ ಮೇಲೆ ಹೆಸರು, ದಿನ, ಹೊತ್ತು ಬರೆದು ಇಡುವ ಅಭ್ಯಾಸ ಆಕೆಯದು. ಮಿಕ್ಕ ಸ್ಕ್ರೂಗಳನ್ನು ಆಕೆ ಬಿಸಾಡಲಿಲ್ಲ. ಪುಟ್ಟ ಪುಟ್ಟ ಸೀಸೆಗಳಲ್ಲಿ ಹಾಕಿ, “ಮಿಕ್ಸಿ, ಎರಡು, ಮಂಗಳವಾರ ಬೆಳಿಗ್ಗೆ” ಎಂದು ಚೀಟಿ ಅಂಟಿಸಿ, ಟೀವಿಯ ಪಕ್ಕ ಸಾಲಾಗಿ ಜೋಡಿಸಿಟ್ಟರು. ಮನೆಗೆ ಬಂದವರು ಇದೇನು ಎಂದು ಕೇಳಿದರೆ, “ನಮ್ಮ ಯಜಮಾನರ ರಿಪೋರ್ಟು” ಎನ್ನುತ್ತಿದ್ದರು. ಕಂಡಕ್ಟರು ಆಗ ಕಿಟಕಿಯ ಹೊರಗೆ ನೋಡುತ್ತಿದ್ದರು.

ಒಂದು ಭಾನುವಾರ ಆಕೆಯ ಫೋನು ಚಾರ್ಜ್ ಆಗುವುದನ್ನು ನಿಲ್ಲಿಸಿತು. ಆಕೆ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಕಂಡಕ್ಟರು ಅದರ ಬೆನ್ನಿಗೆ ತರಕಾರಿ ಹೆಚ್ಚುವ ಚಾಕು ತೂರಿಸಿ ಅರ್ಧ ಎಬ್ಬಿಸಿದ್ದರು. ಒಳಗೆಲ್ಲೋ ‘ಟಕ್’ ಎಂದಿತು. ಅಲ್ಲಿಯವರೆಗೆ ಚಾರ್ಜ್ ಮಾತ್ರ ಆಗದಿದ್ದ ಫೋನು ಈಗ ಕಣ್ಣನ್ನೇ ಬಿಡಲಿಲ್ಲ. ಆಕೆ ಫೋನನ್ನು ನೋಡಿದರು, ಚಾಕುವನ್ನು ನೋಡಿದರು, ಕೊನೆಗೆ ಗಂಡನನ್ನು ನೋಡಿದರು. ಚಾಕುವನ್ನು ಒಯ್ದು ತೊಳೆದು ಅದರ ಜಾಗದಲ್ಲಿಟ್ಟರು. ಅದೇ ಕಂಡಕ್ಟರಿಗೆ ಭಯವಾದದ್ದು.

ಮರುದಿನ ಸಂಜೆ ಆಕೆ ಒಂದು ಅರ್ಜಿ ತಂದು ಮೇಜಿನ ಮೇಲಿಟ್ಟರು. ಕಂಪ್ಯೂಟರ್ ಮತ್ತು ಮೊಬೈಲ್ ರಿಪೇರಿ ತರಬೇತಿ, ನಾಲ್ಕು ತಿಂಗಳು, ಸಂಜೆ ಐದರಿಂದ ಏಳು.

“ಇದೇನೇ?”

“ಒಂದೋ ಸರಿಯಾಗಿ ಕಲೀರಿ, ಇಲ್ಲಾ ಕೈ ಕಟ್ಕೊಂಡು ಕೂತ್ಕೊಳ್ಳಿ. ಎರಡರಲ್ಲಿ ಯಾವುದಾದ್ರೂ ನಂಗೆ ಪರವಾಗಿಲ್ಲ.”

ಕಂಡಕ್ಟರು ಕೈ ಕಟ್ಟಿಕೊಂಡು ಕೂರುವ ಪೈಕಿ ಅಲ್ಲ. ಸಹಿ ಹಾಕಿದರು.

ತರಗತಿ ಇದ್ದದ್ದು ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಹೊಸ ರಬ್ಬರಿನ ವಾಸನೆ, ಮೇಲೆ ಹೋದರೆ ಕರಗಿದ ಸೀಸದ ಹೊಗೆಯ ವಾಸನೆ. ಉದ್ದನೆಯ ಮೂರು ಮೇಜು, ಮೇಜಿನ ಮೇಲೆ ಹಸಿರು ರಬ್ಬರಿನ ಹಾಸು, ಭೂತಗನ್ನಡಿ ಜೋಡಿಸಿದ ದೀಪಗಳು, ಗೋಡೆಯ ಉದ್ದಕ್ಕೂ ಹೊಟ್ಟೆ ಬಗೆದ ಕಂಪ್ಯೂಟರುಗಳು. ಕಲಿಯಲು ಬಂದವರು ಹನ್ನೊಂದು ಜನ. ಕಂಡಕ್ಟರನ್ನು ಬಿಟ್ಟರೆ ಯಾರ ತಲೆಯಲ್ಲೂ ಒಂದು ಬಿಳಿ ಕೂದಲಿಲ್ಲ.

ಪಾಠ ಹೇಳುವ ಟೀಚರಿಗೂ ಮೂವತ್ತು ದಾಟಿರಲಿಲ್ಲ. ತೆಳ್ಳನೆಯ ಹೆಣ್ಣುಮಗಳು, ಮೆಲ್ಲನೆಯ ದನಿ. ಯಾರು ಏನನ್ನು ಸುಟ್ಟರೂ ಆಕೆ ಮಾತ್ರ ಬಿಸಿಯಾಗುತ್ತಿರಲಿಲ್ಲ. ಹಾಗಾಗಿ ಹಿಂದಿನಿಂದ ಎಲ್ಲರೂ ಆಕೆಯನ್ನು ಜೀರೋ ವೋಲ್ಟ್ ಎಂದು ಕರೆಯುತ್ತಿದ್ದರು. ಆಕೆಗೂ ಅದು ಗೊತ್ತಿತ್ತು.

“ಅಂಕಲ್, ನೀವು ಮುಂದೆ ಬನ್ನಿ,” ಎಂದರು ಟೀಚರು ಮೊದಲ ದಿನ.

“ಅಂಕಲ್ ಬೇಡ ಮೇಡಂ. ಕಂಡಕ್ಟರ್ ಅನ್ನಿ. ಕಿವಿಗೆ ಬೇಗ ಬೀಳತ್ತೆ.”

ಅಂದಿನಿಂದ ಅವರು ಕಂಡಕ್ಟರ್ ಸರ್ ಆದರು.

ಮೊದಲ ಪಾಠ, ಕಂಪ್ಯೂಟರಿನ ಒಳಗೆ ಕೈ ಹಾಕುವ ಮುಂಚೆ ವೈರ್ ಕಿತ್ತು, ಕಬ್ಬಿಣದ ಚೌಕಟ್ಟನ್ನು ಒಮ್ಮೆ ಮುಟ್ಟಬೇಕು, ಇಲ್ಲವಾದರೆ ನಮ್ಮ ಮೈಯಲ್ಲಿರುವ ಕರೆಂಟೇ ಒಳಗಿನ ಚಿಪ್ಪನ್ನು ಸುಟ್ಟುಬಿಡಬಹುದು ಎಂಬುದು. ಇದು ಕಂಡಕ್ಟರಿಗೆ ಬಹಳ ಹಿಡಿಸಿತು. ಮನೆಗೆ ಬಂದವರೇ ಹೆಂಡತಿಗೆ ಹೇಳಿದರು, “ನನ್ನ ಮೈಯಲ್ಲಿ ಕರೆಂಟಿದೆಯಂತೆ ಕಣೇ. ಒಂದು ಕಂಪ್ಯೂಟರ್ ಸುಡುವಷ್ಟು.”

“ಇರಬಹುದು,” ಎಂದರು ಆಕೆ. “ಮೂವತ್ತು ವರ್ಷದಿಂದ ನಂಗೆ ಜುಂ ಅಂತಾನೇ ಇದೆ.”

ಎರಡನೆಯ ಪಾಠ ಸ್ಕ್ರೂಗಳದ್ದು. ಫೋನು ಬಿಚ್ಚುವ ಮೊದಲು ಒಂದು ಹಾಳೆಯ ಮೇಲೆ ಅದರ ಚಿತ್ರ ಬರೆದುಕೊಳ್ಳಬೇಕು. ತೆಗೆದ ಸ್ಕ್ರೂವನ್ನು ಚಿತ್ರದ ಮೇಲೆ ಅದೇ ಜಾಗದಲ್ಲಿ ಇಡಬೇಕು. ಕಂಡಕ್ಟರಿಗೆ ಇದು ಸರಿಬರಲಿಲ್ಲ. ತುಂಬಿದ ಬಸ್ಸಿನಲ್ಲಿ ಅರವತ್ತು ಜನರಲ್ಲಿ ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು ಎಂದು ತಲೆಯಲ್ಲೇ ಇಟ್ಟುಕೊಂಡಿದ್ದ ಮನುಷ್ಯ ಅವರು. ಎಂಟು ಸ್ಕ್ರೂಗೆ ಚಿತ್ರ ಬರೆಯುವುದೆಂದರೆ ಅವಮಾನ. ಬರೆದಂತೆ ಮಾಡಿ ಹಾಳೆಯನ್ನು ಮಡಚಿಟ್ಟರು.

ಐದನೆಯ ವಾರ ಅದರ ಫಲ ಸಿಕ್ಕಿತು. ಕಲಿಯುವುದಕ್ಕೆಂದೇ ಇಟ್ಟಿದ್ದ, ಆದರೆ ಚೆನ್ನಾಗಿ ನಡೆಯುತ್ತಿದ್ದ ಒಂದು ಫೋನನ್ನು ಬಿಚ್ಚಿ ಜೋಡಿಸಬೇಕಿತ್ತು. ಕಂಡಕ್ಟರು ಎಲ್ಲರಿಗಿಂತ ಮೊದಲು ಮುಗಿಸಿದರು. ಒಂದು ಸ್ಕ್ರೂ ಕೂಡ ಮಿಕ್ಕಿರಲಿಲ್ಲ. ಎದೆ ಸೆಟೆಸಿಕೊಂಡು ಗುಂಡಿ ಒತ್ತಿದರು. ಫೋನು ಏಳಲಿಲ್ಲ. ಇನ್ನೊಮ್ಮೆ ಒತ್ತಿದರು. ಯಾರೂ ನೋಡುತ್ತಿಲ್ಲ ಎಂದುಕೊಂಡು ಅಂಗೈ ಮೇಲೆ ಎರಡು ಸಲ ಬಡಿದರು.

ಟೀಚರು ಪಕ್ಕದಲ್ಲೇ ನಿಂತಿದ್ದರು. “ಏನಾಯ್ತು ಸರ್?”

“ಏನೂ ಇಲ್ಲ ಮೇಡಂ.”

“ನೀವೇನ್ ಮಾಡಿದ್ರಿ?”

“ನಾನೇನೂ ಮಾಡಿಲ್ಲ ಮೇಡಂ. ಅದರಷ್ಟಕ್ಕೆ ಅದೇ ಹೋಯ್ತು.”

ಮಾತು ಬಾಯಿಂದ ಹೊರಬಿದ್ದದ್ದೇ ತಡ, ಕಂಡಕ್ಟರಿಗೆ ಕಿವಿ ನಿಮಿರಿತು. ಈ ರಾಗ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೂರು ಸ್ಟಾಪಿನಿಂದ ಸೀಟಿನಲ್ಲಿ ಆರಾಮಾಗಿ ಕೂತು ಬಂದವನು, ಟಿಕೆಟ್ ಕೇಳಿದಾಗ “ಈಗ್ತಾನೇ ಹತ್ತಿದೆ ಸರ್” ಎಂದು ಹೇಳುವ ರಾಗ. ಮೂವತ್ತೊಂದು ವರ್ಷ ದಿನಕ್ಕೆ ಹತ್ತು ಸಲ ಕೇಳಿದ್ದ ಅದೇ ದನಿ ಈಗ ತಮ್ಮದೇ ಗಂಟಲಿನಿಂದ ಬಂದಿತ್ತು. ಅವರ ಮುಖ ಕೆಂಪಾಯಿತು.

“ಸುಳ್ಳು ಹೇಳಿದೆ ಮೇಡಂ,” ಎಂದರು. “ಚಿತ್ರ ಬರೀಲಿಲ್ಲ. ಸ್ಕ್ರೂ ಎಲ್ಲ ಒಂದೇ ಥರ ಕಾಣ್ತಿದ್ವು, ಸಿಕ್ಕಿದ ತೂತಿಗೆ ಸಿಕ್ಕಿದ್ದು ಹಾಕಿದೆ. ಒಂದು ಸ್ವಲ್ಪ ಬಿಗಿ ಬಂತು. ಒತ್ತಿ ತಿರುಗಿಸಿದೆ.”

ಟೀಚರು ಆ ಬಿಗಿ ಬಂದ ಸ್ಕ್ರೂ ತೆಗೆದು, ಪಕ್ಕದ್ದನ್ನೂ ತೆಗೆದು, ಎರಡನ್ನೂ ಭೂತಗನ್ನಡಿಯ ಕೆಳಗೆ ನಿಲ್ಲಿಸಿ ತೋರಿಸಿದರು. ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಉದ್ದ. ಉದ್ದದ್ದು ಗಿಡ್ಡದರ ತೂತಿಗೆ ಹೋಗಿ, ಕೆಳಗಿನ ಬೋರ್ಡಿನ ಒಳಗಿದ್ದ ತಂತಿಗಳನ್ನು ಕತ್ತರಿಸಿತ್ತು. ಫೋನು ಇನ್ನು ಏಳುವ ಹಾಗಿರಲಿಲ್ಲ.

“ಹೋಗಲಿ ಬಿಡಿ,” ಎಂದರು ಜೀರೋ ವೋಲ್ಟ್. “ನೀವು ನಿಜ ಹೇಳದೆ ಇದ್ದಿದ್ರೆ ಬ್ಯಾಟರಿ ನೋಡಿ, ಸ್ಕ್ರೀನ್ ನೋಡಿ, ಎರಡು ಗಂಟೆ ಹುಡುಕ್ತಿದ್ದೆ. ಈಗ ಎರಡು ನಿಮಿಷ ಸಾಕಾಯ್ತು. ಇಲ್ಲಿ ಬರೋರು ಯಾರೂ ನಿಜ ಹೇಳಲ್ಲ ಸರ್. ನೀರಿಗೆ ಬೀಳಿಸಿರ್ತಾರೆ, ಬಿದ್ದೇ ಇಲ್ಲ ಅಂತಾರೆ. ಅದೇ ದೊಡ್ಡ ತಲೆನೋವು.”

“ನಿಜ ಹೇಳಲ್ವಾ?” ಕಂಡಕ್ಟರ ಕಣ್ಣಿನಲ್ಲಿ ಬಹಳ ದಿನದ ಮೇಲೆ ಒಂದು ಹೊಳಪು ಬಂತು. “ಅದನ್ನ ನಂಗೆ ಬಿಡಿ ಮೇಡಂ.”

ಶನಿವಾರಗಳಂದು ಸುತ್ತಮುತ್ತಲಿನ ಜನ ಕೆಟ್ಟ ಫೋನು, ಕಂಪ್ಯೂಟರು ತಂದು ಅಲ್ಲಿ ತೋರಿಸುವ ಪದ್ಧತಿಯಿತ್ತು. ಕಲಿಯುವವರಿಗೂ ಕೈ ಪಳಗಲಿ ಎಂಬ ಲೆಕ್ಕ. ಟೀಚರು ಕಂಡಕ್ಟರನ್ನು ಬಾಗಿಲ ಬಳಿಯ ಕೌಂಟರಿನಲ್ಲಿ ನಿಲ್ಲಿಸಿದರು. ತಂದ ವಸ್ತು ಏನು, ಏನಾಗಿದೆ ಎಂದು ಕೇಳಿ ಬರೆದುಕೊಂಡು ಒಳಗೆ ಕಳಿಸುವ ಕೆಲಸ. ಹೇಗೂ ಬೆಸುಗೆ ಹಾಕುವಾಗ ಅವರ ಕೈ ನಡುಗುತ್ತಿತ್ತು. ಅಲ್ಲಿದ್ದರೆ ಬೋರ್ಡುಗಳೂ ಉಳಿದಾವು ಎಂದು ಆಕೆ ಎಣಿಸಿದ್ದರೂ ಎಣಿಸಿರಬಹುದು.

ಮೊದಲ ಶನಿವಾರ ಬಂದವರು ಒಬ್ಬ ಹೆಡ್‌ಮಾಸ್ಟರು. ಗಂಭೀರ ಮನುಷ್ಯ. ಫೋನನ್ನು ಕೌಂಟರಿನ ಮೇಲಿಟ್ಟು, “ಇದ್ದಕ್ಕಿದ್ದಂತೆ ಆಫ್ ಆಗಿದೆ. ಏನೂ ಆಗಿಲ್ಲ. ನಾನು ವಸ್ತುಗಳನ್ನ ಬಹಳ ಜೋಪಾನವಾಗಿ ಇಟ್ಕೋತೀನಿ,” ಎಂದರು.

ಬಸ್ಸಿನಲ್ಲಿ ಕಂಡಕ್ಟರು ಯಾರನ್ನೂ ‘ಟಿಕೆಟ್ ತಗೊಂಡ್ರಾ’ ಎಂದು ಕೇಳಿದವರಲ್ಲ. ಹಾಗೆ ಕೇಳಿದರೆ ಹೌದು ಎಂದುಬಿಡುತ್ತಾರೆ. ‘ಎಲ್ಲಿ ಹತ್ತಿದ್ರಿ’ ಎಂದೇ ಕೇಳುತ್ತಿದ್ದರು, ಅದೂ ಬೇರೆಲ್ಲೋ ನೋಡುತ್ತಾ. ಈಗಲೂ ಪುಸ್ತಕದಲ್ಲಿ ಗೆರೆ ಎಳೆಯುತ್ತಾ, ತಲೆಯೆತ್ತದೆ ಕೇಳಿದರು, “ಸ್ನಾನದ ಮನೇಲಿ ಎಲ್ಲಿಡ್ತೀರಿ ಸರ್ ಇದನ್ನ?”

“ನಲ್ಲಿ ಮೇಲಿನ ಹಲಗೆ ಮೇಲೆ,” ಎಂದರು ಹೆಡ್‌ಮಾಸ್ಟರು. ಆಮೇಲೆ ಕೆಮ್ಮಿದರು. “ಅಂದ್ರೆ, ವಾರ್ತೆ ಕೇಳೋದಿಕ್ಕೆ. ಬೆಳಿಗ್ಗೆ ಬೇರೆ ಸಮಯ ಸಿಗಲ್ಲ.”

ಫೋನಿನಿಂದ ಸಾಬೂನಿನ ವಾಸನೆ ಬರುತ್ತಿತ್ತು ಎಂದು ಕಂಡಕ್ಟರು ಹೇಳಲಿಲ್ಲ. “ನೀರು ಹೋಗಿದೆ, ಸಾಬೂನಿನ ನೀರು,” ಎಂದು ಬರೆದು ಒಳಗೆ ಕಳಿಸಿದರು. ಟೀಚರು ಬಿಚ್ಚಿ ನೋಡಿದರೆ ಹಾಗೇ ಇತ್ತು. ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದ ಮೇಲೆ ಫೋನು ಎದ್ದು ಕೂತಿತು.

ಅಂದಿನಿಂದ ಶನಿವಾರದ ಕೌಂಟರು ಕಂಡಕ್ಟರದ್ದಾಯಿತು. ಚಾರ್ಜ್ ಆಗುತ್ತಿಲ್ಲ ಎಂದು ಬಂದ ಬಡಗಿಯನ್ನು “ಯಾವ ಜೇಬಲ್ಲಿ ಇಟ್ಕೋತೀರಿ?” ಎಂದು ಕೇಳಿ, ತೂತಿನಲ್ಲಿ ತುಂಬಿದ್ದ ಮರದ ಪುಡಿಯನ್ನು ಹಲ್ಲುಕಡ್ಡಿಯಿಂದ ಕೆದಕಿ ತೆಗೆದು, ಐದೇ ನಿಮಿಷದಲ್ಲಿ ಕಳಿಸಿಕೊಟ್ಟರು. ಬಾತುಕೊಂಡಿದ್ದ ಬ್ಯಾಟರಿಯನ್ನು ಬೆರಳಿನಿಂದ ಒತ್ತಿ ಚಪ್ಪಟೆ ಮಾಡಲು ನೋಡಿದ ಒಬ್ಬಾಕೆಯ ಕೈಯಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡು, ಬೆಂಕಿ ಹತ್ತೀತು ತಾಯಿ ಎಂದು ಬುದ್ಧಿ ಹೇಳಿ ಮರಳಿನ ಡಬ್ಬಿಯಲ್ಲಿಟ್ಟರು. ಕೊರಳು ಸ್ವಲ್ಪ ಉದ್ದವಾಯಿತು. ನಡೆ ಸ್ವಲ್ಪ ಬದಲಾಯಿತು.

ಆ ಹುರುಪಿನಲ್ಲೇ ಒಂದು ದಿನ, ಹೆಂಡತಿಯ, ತಾವು ಚಾಕು ಹಾಕಿ ಕೊಂದಿದ್ದ ಹಳೆಯ ಫೋನನ್ನು ತರಗತಿಗೆ ಒಯ್ದು ಬಿಚ್ಚಿದರು. ಈ ಸಲ ಚಿತ್ರ ಬರೆದು, ಪ್ರತಿ ಸ್ಕ್ರೂಗೂ ಒಂದೊಂದು ಸೀಟು ಕೊಟ್ಟರು. ಇವನು ಡ್ರೈವರ್ ಹಿಂದೆ, ಇವನು ಕಿಟಕಿ ಪಕ್ಕ, ಈ ಉದ್ದನೆಯವನು ಕಡೇ ಸೀಟು. ಹಾಗೆ ಮಾಡಿದ ಮೇಲೆ ಸ್ಕ್ರೂಗಳು ಅದಲುಬದಲಾಗಲೇ ಇಲ್ಲ. ಒಳಗೆ ನೋಡಿದರೆ, ನೀರು ತಾಗಿದರೆ ಕೆಂಪಾಗುವ ಪುಟ್ಟ ಬಿಳಿ ಚೀಟಿ ಕುಂಕುಮದ ಹಾಗೆ ಕೆಂಪಾಗಿತ್ತು. ಚಾರ್ಜಿನ ತೂತಿನ ಸುತ್ತ ಹಸಿರು ಕಿಲುಬು.

ಕಂಡಕ್ಟರು ಮನೆಗೆ ಹೋಗಿ ಕೈಕಾಲು ತೊಳೆದು, ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದು ಕೂತರು.

“ಅಲ್ವೇ, ಬಕೆಟ್ಟಿಂದ ತೆಗೆದ್ಮೇಲೆ ಫೋನನ್ನ ಎಷ್ಟು ಹೊತ್ತು ಫ್ಯಾನ್ ಕೆಳಗೆ ಇಟ್ಟಿದ್ದೆ?”

“ಅರ್ಧ ಗಂ...” ಎಂದ ಹೆಂಡತಿಯ ಮಾತು ಅಲ್ಲೇ ನಿಂತಿತು.

ಆಕೆ ಬಂದು ಪೇಪರನ್ನು ಕೆಳಗಿಳಿಸಿ ನೋಡಿದರು. ಕಂಡಕ್ಟರ ಮುಖದಲ್ಲಿ ಬಸ್ಸಿನ ತುಂಬ ಇದ್ದ ಅಷ್ಟೂ ಜನಕ್ಕೆ ಟಿಕೆಟ್ ಕೊಟ್ಟು ಮುಗಿಸಿದಂಥ ನೆಮ್ಮದಿ.

“ಮೂರು ತಿಂಗಳಿಂದ ನಾನೇ ಕೊಂದೆ ಅಂದ್ಕೊಂಡಿದ್ನಲ್ಲೇ.”

“ಎರಡು ದಿನ ಮುಂಚೆ ಬಿದ್ದಿತ್ತು. ಒಣಗಿದ್ಮೇಲೆ ಸರಿಯಾಗೇ ಇತ್ತು,” ಎಂದರು ಆಕೆ. “ಹೇಳ್ಬೇಕು ಅಂತಿದ್ದೆ. ಅಷ್ಟರಲ್ಲಿ ನೀವು ಚಾಕು ತಗೊಂಡ್ರಿ. ನಿಮ್ಮ ಮುಖ ನೋಡಿದ್ಮೇಲೆ, ಇವತ್ತು ಹೇಳೋದು ಬೇಡ, ಈ ಮುಖದಲ್ಲಾದ್ರೆ ಯಾವ ಅರ್ಜಿಗೆ ಬೇಕಾದ್ರೂ ಸಹಿ ಹಾಕ್ತೀರಿ ಅನ್ನಿಸ್ತು.” ಸ್ವಲ್ಪ ತಡೆದು ಕೇಳಿದರು, “ಹಾಗಾದ್ರೆ ಚಾಕು ಏನೂ ಮಾಡಿರ್ಲಿಲ್ವಾ?”

ಕಂಡಕ್ಟರು ಪೇಪರನ್ನು ಮತ್ತೆ ಮೇಲೆತ್ತಿದರು. “ಸ್ಕ್ರೀನಿಗೆ ಹೋಗೋ ವೈರಿನ ಪಟ್ಟಿ ತುಂಡಾಗಿತ್ತು,” ಎಂಬ ಉತ್ತರ ಅದರ ಹಿಂದಿನಿಂದ ಬಂತು. “ಸಮ ಸಮ ಅಂತಿಟ್ಕೋ.”

ಆದರೆ ಬಾಯಿಯ ಕೆಲಸಕ್ಕೆ ಯಾರೂ ಸರ್ಟಿಫಿಕೇಟು ಕೊಡುವುದಿಲ್ಲ. ಕೊನೆಯ ತಿಂಗಳು ಟೀಚರು ಅದನ್ನು ನೆನಪಿಸಿದರು. “ಕೇಳಿ ರಿಪೇರಿ ಮಾಡೋದು ಬಂತು ಸರ್. ಕೈಯಲ್ಲಿ ಮಾಡೋದು ಯಾವಾಗ?”

ಪರೀಕ್ಷೆಯಲ್ಲಿ ಎರಡು ಕೆಲಸ. ಏಳದ ಕಂಪ್ಯೂಟರಿನ ತೊಂದರೆ ಕಂಡುಹಿಡಿಯುವುದು, ಫೋನಿನ ಬೋರ್ಡಿಗೆ ಹೊಸ ಚಾರ್ಜಿಂಗ್ ತುಂಡು ಬೆಸೆಯುವುದು. ಮೊದಲನೆಯದರ ಹೆದರಿಕೆ ಕಂಡಕ್ಟರಿಗಿರಲಿಲ್ಲ. ಎರಡನೆಯದೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಸ್ಟೂಲಿನ ಮೇಲೆ ಕೂತು, ಉಸಿರು ಬಿಗಿಹಿಡಿದು, ಬಿಸಿ ಕಡ್ಡಿಯನ್ನು ಬೋರ್ಡಿನ ಹತ್ತಿರ ಒಯ್ದರೆ ಸಾಕು, ಕೈ ತಂತಿಯ ಮೇಲಿನ ಗುಬ್ಬಿಯಂತೆ ಅತ್ತಿತ್ತ ಆಡುತ್ತಿತ್ತು. ಹೆಂಡತಿ ಕಾಫಿ ನಿಲ್ಲಿಸಿ ನೋಡಿದರು. ಉಸಿರಾಟದ ಅಭ್ಯಾಸ ಮಾಡಿಸಿದರು. ಏನೂ ಪ್ರಯೋಜನವಾಗಲಿಲ್ಲ. ವಯಸ್ಸಾಯಿತು, ಇದು ಎಳೆಯರ ಕೆಲಸ ಎಂದು ಕಂಡಕ್ಟರು ಮೊದಲ ಸಲ ಬಾಯಿಬಿಟ್ಟು ಅಂದರು. ಹಾಗೆ ಅಂದ ದಿನ ಊಟ ಸೇರಲಿಲ್ಲ.

ಪರೀಕ್ಷೆಗೆ ಒಂದು ವಾರ ಇರುವಾಗ ಟೀಚರು ಒಂದು ಸಂಗತಿ ಗಮನಿಸಿದರು. ಕೌಂಟರಿನಲ್ಲಿ ಕಂಡಕ್ಟರು ನಿಂತೇ ಇರುತ್ತಿದ್ದರು. ಹಾಗೆ ನಿಂತುಕೊಂಡು, ಜನರ ಜೊತೆ ಮಾತಾಡುತ್ತಲೇ, ಕೂದಲಿನಷ್ಟು ಸಣ್ಣ, ಸಿಮ್ ತೆಗೆಯುವ ಪಿನ್ನನ್ನು ಒಂದೇ ಏಟಿಗೆ ತೂತಿಗೆ ಹಾಕುತ್ತಿದ್ದರು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಆಕೆ ಬಂದು ಅವರ ಸ್ಟೂಲನ್ನು ಎಳೆದು ಪಕ್ಕಕ್ಕಿಟ್ಟರು. “ನಿಂತ್ಕೊಂಡು ಮಾಡಿ ಸರ್.”

“ಬೆಸುಗೇನ ನಿಂತ್ಕೊಂಡಾ?”

“ಬಸ್ಸಲ್ಲಿ ಟಿಕೆಟ್ ಕೂತ್ಕೊಂಡು ಕೊಡ್ತಿದ್ರಾ?”

ಕಂಡಕ್ಟರು ಎದ್ದು ನಿಂತರು. ಕಾಲು ಅಗಲಿಸಿದರು. ಸೊಂಟವನ್ನು ಮೇಜಿನ ಅಂಚಿಗೆ ಆನಿಸಿದರು, ಸೀಟಿನ ಕಂಬಿಗೆ ಆನಿಸುತ್ತಿದ್ದ ಹಾಗೆ. ಟೀಚರು ಎರಡು ದಪ್ಪ ಪುಸ್ತಕ ಇಟ್ಟು ಬೋರ್ಡನ್ನು ಎದೆಯ ಮಟ್ಟಕ್ಕೆ ಏರಿಸಿಕೊಟ್ಟರು. ಗುಂಡಿಬಿದ್ದ ರಸ್ತೆಗಳಲ್ಲಿ ಅಷ್ಟು ವರ್ಷ ಟಿಕೆಟ್ ಹರಿದುಕೊಟ್ಟ ಕೈ ಆ ನಿಲುವಿಗೆ ಬಂದದ್ದೇ ತನ್ನ ಪಾಡಿಗೆ ತಾನು ನಿಂತಿತು. ಬಿಸಿ ಕಡ್ಡಿ ಇಳಿಯಿತು, ಸೀಸ ಕರಗಿತು, ಸಾಲಾಗಿ ಮಣಿಗಳ ಹಾಗೆ ಕೂತಿತು. ಕಂಡಕ್ಟರು ತಮ್ಮ ಕೈಯನ್ನೇ ಬೇರೆಯವರದೇನೋ ಎಂಬಂತೆ ತಿರುಗಿಸಿ ನೋಡಿಕೊಂಡರು. ಹತ್ತು ಜನರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅವರ ಎದುರಿಗೆ ಕಣ್ಣು ಒದ್ದೆಯಾಗುವುದು ಬೇಡವೆಂದು “ಹೊಗೆ, ಹೊಗೆ” ಎನ್ನುತ್ತಾ ಕಿಟಕಿಯ ಕಡೆ ಹೋದರು.

ಪರೀಕ್ಷೆಯಲ್ಲಿ ಪಾಸಾದರು. ಮೊದಲಿಗರೇನೂ ಆಗಲಿಲ್ಲ, ಹನ್ನೊಂದರಲ್ಲಿ ಏಳನೆಯವರು. ಏಳನೆಯವರು ಎಂಬುದನ್ನು ಯಾರಿಗೂ ಹೇಳಲಿಲ್ಲ, ಪಾಸಾದದ್ದನ್ನು ಹೇಳದೆ ಯಾರನ್ನೂ ಬಿಡಲಿಲ್ಲ. ಟೀಚರು ಅವರನ್ನು ಅಲ್ಲೇ ಉಳಿಸಿಕೊಂಡರು. ಕೌಂಟರು ನೋಡಿಕೊಳ್ಳುವುದು, ಆಗಾಗ ಮನೆಗಳಿಗೆ, ಅಂಗಡಿಗಳಿಗೆ ಹೋಗಿ ಕಂಪ್ಯೂಟರು ನೋಡಿಬರುವುದು.

ಹಾಗೆ ಹೊರಗೆ ಹೋದ ಮೊದಲ ಕೆಲಸವೇ ಒಂದು ಒಗಟಾಯಿತು. ಒಬ್ಬ ಪುಸ್ತಕದ ಬೈಂಡಿಂಗಿನವರ ಕಂಪ್ಯೂಟರು ದಿನಾ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ತಾನಾಗೇ ಆರಿಹೋಗುತ್ತಿತ್ತು. ಬೆಳಿಗ್ಗೆಯೆಲ್ಲ ಸರಿ. ಇಬ್ಬರು ರಿಪೇರಿಯವರು ಬಂದು ಒಬ್ಬರು ಮೆಮೊರಿ, ಇನ್ನೊಬ್ಬರು ಕರೆಂಟಿನ ಪೆಟ್ಟಿಗೆ ಬದಲಾಯಿಸಿ ಹೋಗಿದ್ದರು.

ಕಂಡಕ್ಟರು ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಕಾಗದದ ರಾಶಿಗಳ ನಡುವೆ, ಮೇಜಿನ ಕೆಳಗೆ ನೆಲದ ಮೇಲಿದ್ದ ಕಂಪ್ಯೂಟರಿನ ಸುತ್ತ ಒಮ್ಮೆ ಬಗ್ಗಿ ನೋಡಿದರು.

“ಮಧ್ಯಾಹ್ನ ಇಲ್ಲಿ ಯಾರ್ಯಾರು ಇರ್ತೀರಿ?”

“ನಾನೊಬ್ಬನೇ.”

“ಮತ್ತೆ?”

“ಮತ್ತ್ಯಾರೂ ಇಲ್ಲ ಸರ್. ಬೆಕ್ಕನ್ನ ಬಿಟ್ರೆ.”

“ಅದು ಎಲ್ಲಿ ಮಲಗತ್ತೆ?”

ಬೈಂಡಿಂಗಿನವರಿಗೆ ಗೊತ್ತಿರಲಿಲ್ಲ. ಇಬ್ಬರೂ ಚಹಾ ತರಿಸಿಕೊಂಡು ಕಾದರು. ಎರಡೂವರೆಗೆ ಒಂದು ದಪ್ಪನೆಯ ಬೂದುಬಣ್ಣದ ಬೆಕ್ಕು ಬಂದು, ಇವರನ್ನು ಕಣ್ಣೆತ್ತಿಯೂ ನೋಡದೆ ಮೇಜಿನ ಕೆಳಗೆ ಹೋಯಿತು. ಬಿಸಿಗಾಳಿ ಹೊರಬರುವ ಜಾಲರಿಗೆ ಬೆನ್ನು ಒತ್ತಿ, ಸುತ್ತಿಕೊಂಡು ಮಲಗಿತು. ಮೂರಕ್ಕೆ ಎಂಟು ನಿಮಿಷ ಇರುವಾಗ ಕಂಪ್ಯೂಟರು ಆರಿಹೋಯಿತು.

ಮುಚ್ಚಳ ತೆಗೆದರೆ ಒಳಗಿನ ಫ್ಯಾನಿನ ತುಂಬ ಬೂದುಬಣ್ಣದ ಕೂದಲು, ಒಂದು ಮರಿಬೆಕ್ಕಿಗಾಗುವಷ್ಟು. ಕಂಡಕ್ಟರು ಎಲ್ಲವನ್ನೂ ಬ್ರಷ್ಷಿನಿಂದ ತೆಗೆದು, ಚಿಪ್ಪಿನ ಮೇಲೆ ಒಣಗಿದ್ದ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಕಂಪ್ಯೂಟರನ್ನು ನೆಲದಿಂದ ಎತ್ತಿ ಮೇಜಿನ ಮೇಲೆ, ಬೆಕ್ಕಿಗೆ ಹತ್ತಲಾಗದ ಮೂಲೆಯಲ್ಲಿ ಇಟ್ಟರು. ಮರುದಿನ ಮೂರು ಗಂಟೆಗೆ ಫೋನು ಮಾಡಿ ವಿಚಾರಿಸಿದರು. ಕಂಪ್ಯೂಟರು ಆರದೆ ನಡೆಯುತ್ತಿತ್ತು. ಬೆಕ್ಕು ಮುನಿಸಿಕೊಂಡು ಬೈಂಡಿಂಗಿನವರ ಮಡಿಲಲ್ಲಿ ಮಲಗಿತ್ತು, ಹಾಗಾಗಿ ಅವರಿಗೇ ಕೆಲಸ ಮಾಡಲು ಆಗುತ್ತಿರಲಿಲ್ಲವಂತೆ.

“ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ,” ಎಂದರು ಕಂಡಕ್ಟರು.

ಸಂಜೆ ಟೀಚರು ಪುಸ್ತಕ ತೆರೆದು, ತೊಂದರೆಯ ಕಾರಣ ಎಂಬ ಕಡೆ ಏನು ಬರೆಯಲಿ ಎಂದು ಕೇಳಿದರು.

“ಬೆಕ್ಕು ಅಂತ ಬರೀರಿ.”

ಟೀಚರು ಪೆನ್ನು ಹಿಡಿದುಕೊಂಡು ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ಅಚ್ಚುಕಟ್ಟಾದ ಅಕ್ಷರದಲ್ಲಿ ಹಾಗೆಯೇ ಬರೆದುಕೊಂಡರು.